ದೇಹದೊಳಗಿನ ಸಂದೇಶವಾಹಕರು

ಮುಂಬಯಿಯ ಕನ್ನಡ ಶ್ರೋತೃಗಳಿಗೆ ನಮಸ್ಕಾರ.

ದೂರಸಂಪರ್ಕ ಇಂಜಿನಿಯರಿಂಗ್ ಓದಿ, ಮೊಬೈಲ್ ಗೋಪುರಗಳ ಲೆಕ್ಕಾಚಾರದಿಂದ ವೃತ್ತಿಯನ್ನು ಆರಂಭಿಸಿದ ನಾನು, ಇಂದು ಅದೇ ಲೆಕ್ಕವನ್ನು ಜೀವಕೋಶಗಳ ನಡುವೆ ಓಡಾಡುವ ಅಣುಗಳಿಗೆ ಹಾಕುತ್ತಿದ್ದೇನೆ. ಅಣುಗಳ ಮೂಲಕ ಸುದ್ದಿ ಕಳುಹಿಸುವ ಈ ಶಾಖೆಯನ್ನು ಅಣು ಸಂವಹನ ಎನ್ನುತ್ತಾರೆ. ದೇಹದೊಳಗೆ ಇರಿಸುವ ಪುಟ್ಟ ಉಪಕರಣಗಳಿಗೆ ರೇಡಿಯೋ ಒಗ್ಗುವುದಿಲ್ಲ. ದೇಹದೊಳಗಿನ ನೀರು, ಲವಣಗಳು ರೇಡಿಯೋ ಅಲೆಗಳನ್ನು ಹೀರಿಕೊಳ್ಳುತ್ತವೆ. ಜೀವಕೋಶದಷ್ಟು ಚಿಕ್ಕ ಉಪಕರಣಕ್ಕೆ ಒಪ್ಪುವ ಆಂಟೆನಾ ಮಾಡುವುದೂ ಕಷ್ಟ. ಈ ಎರಡು ಗೋಡೆಗಳಿಗೆ ಡಿಕ್ಕಿ ಹೊಡೆದ ಮೇಲೆಯೇ ನಾನು ಇತ್ತ ತಿರುಗಿದ್ದು. ತಾವು ಒಂದೇ ಮಾತನ್ನು ನೆನಪಿಟ್ಟರೆ ಸಾಕು: ದೇಹವು ಸುದ್ದಿಯನ್ನು ಮುಟ್ಟಿಸುವುದು ಅಣುಗಳಿಂದ, ಆದ್ದರಿಂದ ದೇಹದೊಳಗೆ ಕೆಲಸ ಮಾಡುವ ಉಪಕರಣವೂ ಅಣುಗಳಿಂದಲೇ ಮಾತನಾಡಬೇಕು.

ಚಾಳಿನ ಒಂದು ಖೋಲಿಯಲ್ಲಿ ಇಂಗಿನ ಒಗ್ಗರಣೆ ಬಿದ್ದರೆ, ನಾಲ್ಕನೆಯ ಖೋಲಿಯವರಿಗೂ ಸಾರಿನ ಸುದ್ದಿ ತಲುಪುತ್ತದೆ. ಯಾರೂ ಕೂಗಿ ಹೇಳಿದ್ದಲ್ಲ. ಅಣುಗಳು ಗಾಳಿಯಲ್ಲಿ ಅಲೆದು ಮೂಗನ್ನು ಸೇರಿದವು. ಆ ವಾಸನೆ ಕರಗುವ ಮೊದಲೇ ಇನ್ನೊಂದು ಮನೆಯಲ್ಲಿ ಬೆಳ್ಳುಳ್ಳಿ ಹುರಿದರೆ, ಯಾವುದು ಯಾರ ಮನೆಯದೆಂದು ತಿಳಿಯುವುದಿಲ್ಲ. ಹಿಂದಿನ ಸಂದೇಶದ ಅಣುಗಳು ಉಳಿದುಕೊಂಡು ಮುಂದಿನದನ್ನು ಕಲಕುವ ಈ ತೊಡಕೇ ನನ್ನ ಸಂಶೋಧನೆಯ ಬಹುಪಾಲು ವರ್ಷಗಳನ್ನು ನುಂಗಿದೆ.

ದೇಹ ಅಣುಗಳಲ್ಲಿ ಮಾತನಾಡುತ್ತದೆ ಎಂಬುದನ್ನು ತೋರಿಸಿಕೊಟ್ಟವರ ಕಥೆಯನ್ನು ಹೇಳದೆ ನಾನು ಯಾವ ಭಾಷಣವನ್ನೂ ಮುಗಿಸುವವನಲ್ಲ. ನರದಿಂದ ಹೃದಯಕ್ಕೆ ಆಜ್ಞೆ ಹೋಗುವುದು ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಎಂಬ ವಾದ ಕಳೆದ ಶತಮಾನದ ಆರಂಭದಲ್ಲಿ ನಡೆದಿತ್ತು. ಆಸ್ಟ್ರಿಯದ ಗ್ರಾಜ್ ನಗರದಲ್ಲಿದ್ದ ವಿಜ್ಞಾನಿ ಒಟ್ಟೊ ಲೋವಿ ಅವರಿಗೆ ಒಂದು ರಾತ್ರಿ ಪ್ರಯೋಗದ ದಾರಿ ಕನಸಿನಲ್ಲಿ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲಾಗಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದು ಮತ್ತೆ ಹೊಳೆದಾಗ, ಚೀಟಿಯ ಗೊಡವೆಗೆ ಹೋಗದೆ ನೆಟ್ಟಗೆ ಪ್ರಯೋಗಶಾಲೆಗೆ ನಡೆದರು. ಎರಡು ಕಪ್ಪೆಗಳ ಹೃದಯಗಳನ್ನು ಲವಣದ ದ್ರಾವಣದಲ್ಲಿ ಮಿಡಿಯುವಂತೆ ಇರಿಸಿ, ಮೊದಲನೆಯದರ ವೇಗಸ್ ನರವನ್ನು, ಅಂದರೆ ಮಿದುಳಿನಿಂದ ಹೃದಯಕ್ಕೆ ಬರುವ ನರವನ್ನು, ಪ್ರಚೋದಿಸಿದರು, ಬಡಿತ ನಿಧಾನವಾಯಿತು. ಆ ಹೃದಯದೊಳಗಿದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಕೊಟ್ಟಾಗ, ಅದರ ನರವನ್ನು ಯಾರೂ ಮುಟ್ಟದಿದ್ದರೂ ಅದೂ ನಿಧಾನವಾಯಿತು. ಆಜ್ಞೆ ದ್ರವದಲ್ಲಿ ಕರಗಿ ಬಂದಿತ್ತು. 1921ರಲ್ಲಿ ಇದು ಪ್ರಕಟವಾಯಿತು. ಆ ವಸ್ತು ಅಸಿಟೈಲ್‌ಕೋಲಿನ್ ಎಂದು ಮುಂದೆ ಖಚಿತವಾಗಿ, 1936ರಲ್ಲಿ ಲೋವಿ ಮತ್ತು ಬ್ರಿಟನ್ನಿನ ವಿಜ್ಞಾನಿ ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಬಂದಿತು. ಎರಡು ವರ್ಷಗಳ ಬಳಿಕ ನಾಜಿಗಳು ಲೋವಿಯವರನ್ನು ಸೆರೆಗೆ ತಳ್ಳಿ, ಆ ಬಹುಮಾನದ ಹಣವನ್ನು ಕಿತ್ತುಕೊಂಡೇ ದೇಶ ಬಿಡಲು ಅವಕಾಶ ಕೊಟ್ಟರು.

ಕಥೆಗೆ ಸಮಯ ಹೆಚ್ಚೇ ಹಿಡಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಅಲೆದಾಡುವ ಅಣುವಿಗೆ ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ನೀರಿನಲ್ಲಿ ಸಣ್ಣ ಅಣುವೊಂದಕ್ಕೆ 10 ಮೈಕ್ರೋಮೀಟರ್, ಅಂದರೆ ಸೆಂಟಿಮೀಟರಿನ ಸಾವಿರದಲ್ಲೊಂದು ಪಾಲು, ದಾಟಲು ಒಂದು ಸೆಕೆಂಡೂ ಬೇಡ, 1 ಸೆಂಟಿಮೀಟರ್ ದಾಟಲು ಅರ್ಧ ದಿನ ಬೇಕು. ಆದ್ದರಿಂದಲೇ ಎರಡು ನರಕೋಶಗಳ ನಡುವಿನ ಸಂದಾದ, ಸುಮಾರು 20 ನ್ಯಾನೋಮೀಟರ್ (ಮೈಕ್ರೋಮೀಟರಿನ ಐವತ್ತರಲ್ಲೊಂದು ಪಾಲು) ಅಗಲದ ನರಸಂಧಿಯಲ್ಲಿ ಅಣುವಿನ ಅಲೆದಾಟವೇ ಸಾಕಾದರೆ, ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್‌ಗೆ ರಕ್ತದ ಹರಿವು ಬೇಕಾಗುತ್ತದೆ. 2013ರಲ್ಲಿ ಕೆನಡಾದ ಯಾರ್ಕ್ ಮತ್ತು ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯಗಳ ಸಂಶೋಧಕರು ಮದ್ಯಸಾರವನ್ನು ಸಂಕೇತವಾಗಿ ಬಿಟ್ಟು ಬಿಟ್ಟು ಸಿಂಪಡಿಸಿ, ಫ್ಯಾನಿನ ಗಾಳಿಯಲ್ಲಿ 4 ಮೀಟರ್ ದೂರಕ್ಕೆ 'ಓ ಕೆನಡಾ' ಎಂಬ ಅಕ್ಷರಗಳನ್ನು ಕಳುಹಿಸಿದರು. ರಕ್ತದಲ್ಲಿ ಈಜುವ ರೋಬೋಟುಗಳ ವಿಡಿಯೋಗಳನ್ನು ನನಗೆ ಕಳುಹಿಸುವ ಮಿತ್ರರು, ದಯವಿಟ್ಟು ಅದರ ಬದಲು ಈ ಪ್ರಯೋಗವನ್ನು ನೋಡಬೇಕು. ದೇಹದಲ್ಲಿ ಬೆಳೆದ ಗಂತಿಯ (ಗೆಡ್ಡೆಯ) ಸುಳಿವನ್ನು ಅಣುಗಳಿಂದಲೇ ಹಿಡಿದು, ಅಲ್ಲಿಯೇ ಔಷಧವನ್ನು ಬಿಡುವ ಉಪಕರಣಕ್ಕೂ ಬೇಕಾಗಿರುವುದು ಇದೇ ಲೆಕ್ಕ: ಎಷ್ಟು ಅಣು ಬಿಡಬೇಕು, ಎಷ್ಟು ಹೊತ್ತು ಕಾಯಬೇಕು.

ಹನ್ನೊಂದನೆಯ ತರಗತಿಗೆ ಸೇರುವ ಮಕ್ಕಳ ತಂದೆತಾಯಂದಿರಲ್ಲಿ ಒಂದು ವಿನಂತಿ. ಇಂಜಿನಿಯರಿಂಗಿಗೆ ಬೇಡವೆಂದು ಜೀವಶಾಸ್ತ್ರವನ್ನು ಬಿಡಿಸಬೇಡಿ, ವೈದ್ಯಕೀಯಕ್ಕೆ ಬೇಡವೆಂದು ಗಣಿತವನ್ನೂ ಬಿಡಿಸಬೇಡಿ. ಪೊವಾಯಿಯ ಐಐಟಿಯಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗ್ ಎಂ.ಟೆಕ್. ತರಗತಿಗೆ ಇಂಜಿನಿಯರರೂ ಬರುತ್ತಾರೆ, ಎಂಬಿಬಿಎಸ್ ಮುಗಿಸಿದವರೂ ಬರುತ್ತಾರೆ. ಇಬ್ಬರಿಗೂ ಮೊದಲ ವರ್ಷದಲ್ಲಿ ಕಷ್ಟ ಕೊಡುವುದು ತಾವು ಶಾಲೆಯಲ್ಲಿ ಬಿಟ್ಟುಬಂದ ವಿಷಯವೇ. ನಮಸ್ಕಾರ.