ಕರಿ ಟ್ರಂಕು

ಕೇಳುಗರಿಗೆ ನಮಸ್ಕಾರ. ಸೈನ್ಯದಿಂದ ನಿವೃತ್ತನಾಗಿ ಊರಲ್ಲಿ ಹೊಲ ನೋಡಿಕೊಂಡು ಇರುವವನು ನಾನು. ಊರು ಚಿತ್ರದುರ್ಗ ತಾಲ್ಲೂಕು, ಭರಮಸಾಗರದ ಹತ್ತಿರ. ನಮ್ಮ ಓಣಿಯ ಹುಡುಗನೊಬ್ಬನ ವಿಷಯ ಹೇಳಬೇಕು ಅಂತ ಬಂದಿದ್ದೇನೆ. ಹೆಸರು ರೇಡಿಯೋದಲ್ಲಿ ಬೇಡ ಅಂತ ಮನೆಯವರು ಕೇಳಿಕೊಂಡಿದ್ದಾರೆ.

ಮೂವತ್ತು ವರ್ಷದ ಹಿಂದಿನ ಮಾತು. ಅವನೂ ಸೈನ್ಯದಲ್ಲಿದ್ದ, ಆಗ 22 ವರ್ಷ. ಶೇಂಗಾ ಕೀಳುವ ಕಾಲಕ್ಕೆ ರಜೆ ಹಾಕಿ ಬಂದಿದ್ದ. ಹೊರಡುವ ಹಿಂದಿನ ದಿನ ಅವನ ಕರಿ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು, ಊರು ಬರೆದುಕೊಟ್ಟವನು ನಾನೇ. ನನಗೂ ಆಗ ರಜೆ ಇತ್ತು. ಅವನ ಅವ್ವ ಅದರೊಳಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬಿದರು. ಜೊತೆಯ ಹುಡುಗರಿಗೂ ಆಗಲಿ ಅಂತ ಸ್ವಲ್ಪ ಜಾಸ್ತಿಯೇ.

ಅಪ್ಪ ದಾವಣಗೆರೆ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದರು. ಕಿಟಕಿ ಪಕ್ಕ ಕೂತಿದ್ದನಂತೆ. ಸೀಟಿನ ಕೆಳಗೆ ಟ್ರಂಕಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದನಂತೆ. ದೆಹಲಿಯಲ್ಲಿ ಇಳಿದು ಜಮ್ಮು ಗಾಡಿ ಹಿಡಿಯಬೇಕಿತ್ತು. ಯೂನಿಟ್ಟಿಗೆ ಅವನು ತಲುಪಲೇ ಇಲ್ಲ.

ಕೆಲವು ತಿಂಗಳಾದ ಮೇಲೆ ಇಬ್ಬರು ಪೊಲೀಸರು ಮನೆಗೆ ಬಂದರು. ಮಗನನ್ನು ಹುಡುಕಿಕೊಡೋಕೆ ಬಂದಿದ್ದಾರೆ ಅಂದುಕೊಂಡು ಅವ್ವ ಚಾಪೆ ಹಾಸಿ ಚಹಾ ಕೊಟ್ಟರು. ಚಹಾ ಕುಡಿದವರು ಅಟ್ಟ ಹತ್ತಿ ನೋಡಿದರು, ಕಾಳು ತುಂಬಿಡುವ ಹಗೇವಿನ ಬಾಯಿ ತೆಗೆಸಿದರು. "ಎಲ್ಲಿ ಬಚ್ಚಿಟ್ಟಿದ್ದೀಯಮ್ಮ?" ಅಂತ ಕೇಳಿದರು. ಅವರು ಬಂದಿದ್ದು ಅವನನ್ನು ಹಿಡಿಯೋಕೆ.

ಇದು ಹೀಗೇಕೆ ಆಗುತ್ತದೆ ಅಂತ ಸೈನಿಕರ ಮನೆಯವರಿಗೆ ಗೊತ್ತಿರಬೇಕು. 1950ರ ಆರ್ಮಿ ಆಕ್ಟಿನ 106ನೇ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದೆ 30 ದಿನ ಗೈರಾದ ಸೈನಿಕನ ಬಗ್ಗೆ ವಿಚಾರಣೆ ನಡೆಯುತ್ತದೆ. ಆಮೇಲೂ ಅವನು ಬರದಿದ್ದರೆ ಕಾನೂನಿನ ಕಣ್ಣಿನಲ್ಲಿ ಅವನು 'ಡೆಸರ್ಟರ್', ಅಂದರೆ ಓಡಿಹೋದವನು. ಹಿಡಿದುಕೊಡಿ ಅಂತ ಊರಿನ ಕಡೆಯ ಅಧಿಕಾರಿಗಳಿಗೆ ಪತ್ರ ಬರುವುದು 105ನೇ ಸೆಕ್ಷನ್ನಿನಿಂದ. ಸೈನ್ಯ ನಡೆಯಬೇಕಾದರೆ ಇಂಥ ನಿಯಮ ಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ದಾರಿಯಲ್ಲಿ ಏನೋ ಆಗಿ ಕಾಣೆಯಾದವನಿಗೂ ಅದೇ ಹೆಸರು ಬಂದುಬಿಡುತ್ತದಲ್ಲ, ಅದು ನನ್ನನ್ನು ಇವತ್ತಿಗೂ ಸುಡುತ್ತದೆ.

ಊರಿನ ಬಾಯಿಗೆ ಅಷ್ಟೇ ಸಾಕಾಯಿತು. ಅವನ ತಂಗಿಗೆ ಬಂದಿದ್ದ ಸಂಬಂಧ ಮುರಿಯಿತು. ಓಡಿಹೋದವರನ್ನು ನಾನು ಸರ್ವೀಸಿನಲ್ಲಿ ಕಂಡಿದ್ದೇನೆ. ಓಡಿಹೋಗುವವನು ಗೆಳೆಯರಿಗೆ ಅಂತ ಚಟ್ನಿಪುಡಿ ಹೊತ್ತುಕೊಂಡು ರೈಲು ಹತ್ತುವುದಿಲ್ಲ.

ಕಾಣೆಯಾಗಿದ್ದಾನೆ ಅಂತ ದೂರು ಬರೆಸೋಕೆ ಅಪ್ಪ ತಿರುಗಿದ ಠಾಣೆಗಳೆಷ್ಟೋ. ನಮ್ಮ ಹದ್ದಿಗೆ ಬರುವುದಿಲ್ಲ ಅನ್ನುವುದೇ ಎಲ್ಲರ ಉತ್ತರ. ಆ ಒಂದು ದೂರು ದಾಖಲಾಗಿದ್ದರೆ ಅವನ ಕಡತದಲ್ಲಿ ಇನ್ನೊಂದು ಮಾತೂ ಇರುತ್ತಿತ್ತು. ಈಗ ಅಪರಾಧದ ಅನುಮಾನ ಇದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲೇ ಅದು ಇದೆ. ಮಗ ತಲುಪಿದ ಸುದ್ದಿ ಬರಲಿಲ್ಲವೇ, ಸುಮ್ನೆ ಕಾಯಬೇಡಿ. ಮೊದಲು ದೂರು ಬರೆಸಿ. ಅದರ ಪ್ರತಿಯನ್ನು ಯೂನಿಟ್ಟಿನ ಕಮಾಂಡಿಂಗ್ ಆಫೀಸರಿಗೂ ಸೈನಿಕರ ಕಡತ ಇಡುವ ರೆಕಾರ್ಡ್ ಆಫೀಸಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

7 ವರ್ಷ ಸುದ್ದಿ ಇಲ್ಲದವನನ್ನು ಸತ್ತಿದ್ದಾನೆ ಅಂತ ಕಾನೂನು ಭಾವಿಸಬಹುದು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಆದರೆ ಕೋರ್ಟಿಗೆ ಹೋಗಿ ಕೇಳಬೇಕಾದವರು ಮನೆಯವರೇ. ಅರ್ಜಿ ಹಾಕೋಣ ಅಂತ ನಾನು ಹೋಗಿದ್ದೆ. "ನನ್ನ ಮಗ ಸತ್ತಾನೆ ಅಂತ ನಾನೇ ಹೆಬ್ಬೆಟ್ಟು ಒತ್ತಲೇನಪ್ಪ?" ಅಂದರು ಅವ್ವ. ಆ ಕಾಗದ ಮಡಚಿಕೊಂಡು ಬಂದೆ.

2022ರ ಆಗಸ್ಟಿನಲ್ಲಿ ಒಂದು ಸುದ್ದಿ ಬಂತು. 1984ರ ಮೇ 29ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿ ಕಾಣೆಯಾಗಿದ್ದ ಕುಮಾಊಂ ರೆಜಿಮೆಂಟಿನ ಲಾನ್ಸ್ ನಾಯಕನೊಬ್ಬನ ದೇಹ 38 ವರ್ಷದ ಮೇಲೆ ಸಿಕ್ಕಿತ್ತು. ನಂಬರು ಕೆತ್ತಿದ್ದ ಬಿಲ್ಲೆಯಿಂದ ಗುರುತು ಹಿಡಿದರು. ಪತ್ರಿಕೆಯಲ್ಲಿದ್ದದ್ದನ್ನು ಅವ್ವನಿಗೆ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮವನ ಕೊರಳಾಗೂ ಅಂಥ ಬಿಲ್ಲೆ ಇತ್ತಾ?" ಅಂದರು.

ರಜೆಯಲ್ಲಿದ್ದವನು ಹಾಕಿಕೊಂಡಿದ್ದನೋ ಇಲ್ಲವೋ. ಇತ್ತವ್ವ ಅಂದೆ.

ಅಪ್ಪ ಈಗ ಇಲ್ಲ. "ಮನುಷ್ಯ ಹೋಗಲಿ, ಟ್ರಂಕಾದರೂ ಎಲ್ಲಾದರೂ ಇರಬೇಕಲ್ಲಪ್ಪ" ಅಂತ ಕೊನೆತನಕ ಕೇಳುತ್ತಿದ್ದರು. ಅದನ್ನೇ ಇವತ್ತು ನಿಮ್ಮನ್ನು ಕೇಳುತ್ತೇನೆ. ದಾವಣಗೆರೆಯಿಂದ ಹುಬ್ಬಳ್ಳಿ ಕಡೆಗೆ ರೈಲು ಹಳಿಯ ಪಕ್ಕದ ಊರುಗಳವರೇ, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರೇ, ಗುಜರಿ ಅಂಗಡಿಯವರೇ, ನಿಮ್ಮ ಅಟ್ಟದ ಮೇಲೋ ಹಿತ್ತಲಲ್ಲೋ ಹಳೆಯ ಕರಿ ಟ್ರಂಕು ಇದ್ದರೆ ಧೂಳು ಒರೆಸಿ ನೋಡಿ. ಬಿಳಿ ಅಕ್ಷರದ ಕೊನೆಯ ಸಾಲಿನಲ್ಲಿ ಭರಮಸಾಗರ ಅಂತ ಇದ್ದರೆ ಈ ಬಾನುಲಿ ಕೇಂದ್ರಕ್ಕೆ ಒಂದು ಕಾರ್ಡು ಹಾಕಿ. ಸಾಲು ಬಲಕ್ಕೆ ಸ್ವಲ್ಪ ಇಳಿದಿದೆ. ಅವತ್ತು ಬಣ್ಣ ತೆಳುವಾಗಿತ್ತು.