ಮೊದಲು ಕಾಯುವ ಕೋಣೆ ನೋಡಿ

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಎದೆಯನ್ನೂ ಹೊಟ್ಟೆಯನ್ನೂ ಕಾಡುವ ಹುಟ್ಟು ಕಾಯಿಲೆ, ಇದೆ ಅಂತ ಗೊತ್ತಾದ ಕೂಡಲೇ ಮನೆಯವರು ಕೇಳುವುದು ಒಂದೇ: ಇದಕ್ಕೆ ದೊಡ್ಡ ಡಾಕ್ಟರ್ ಯಾರು? ಹೆಸರು ಆಮೇಲೆ ವಿಚಾರಿಸೋಣ. ಮೊದಲು ಅವರ ಕಾಯುವ ಕೋಣೆ ನೋಡಿ ಬನ್ನಿ.

ಇದೇ ಕಾಯಿಲೆಯ ನಾಲ್ಕು ಮಕ್ಕಳು ಅಲ್ಲಿ ಒಟ್ಟಿಗೆ ಕೂತು ಆಡುತ್ತಿದ್ದಾರಾ? ನೋಡೋಕೆ ಚೆಂದ, ಆದರೆ ಅಪಾಯ. ಈ ಮಕ್ಕಳ ಎದೆಯಲ್ಲಿ ಕಫ ಅಂಟು ಅಂಟಾಗಿ ನಿಂತುಬಿಡುತ್ತದೆ. ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಅಲ್ಲೇ ಬೀಡುಬಿಡುತ್ತದೆ. ಒಂದು ಮಗು ಕೆಮ್ಮಿದರೆ ಇನ್ನೊಂದಕ್ಕೆ ದಾಟಬಹುದು. ವಿಷಯ ಬಲ್ಲ ಕಡೆ ಮಗುವನ್ನು ನೇರವಾಗಿ ಒಂದು ಕೋಣೆಗೆ ಕರೆದೊಯ್ದು ಬಾಗಿಲು ಹಾಕುತ್ತಾರೆ. ಡಾಕ್ಟರ್, ಫಿಸಿಯೋಥೆರಪಿಸ್ಟ್, ಡಯಟಿಷಿಯನ್, ಎಲ್ಲರೂ ಒಬ್ಬೊಬ್ಬರಾಗಿ ಅಲ್ಲಿಗೇ ಬರುತ್ತಾರೆ.

ಇಷ್ಟು ಜನ ಯಾಕೆ ಬೇಕು? ಕೆಟ್ಟಿರುವುದು ಸಿಎಫ್‌ಟಿಆರ್ ಎಂಬ ಒಂದೇ ಜೀನ್. 1989ರಲ್ಲಿ ಅದು ಪತ್ತೆಯಾಯಿತು. ತೊಂದರೆ ಮಾತ್ರ ಶ್ವಾಸಕೋಶಕ್ಕೂ ಉಂಟು, ಹೊಟ್ಟೆಗೂ ಉಂಟು. ಎದೆ ನೋಡುವವರು, ಹೊಟ್ಟೆ ನೋಡುವವರು ಒಬ್ಬರಿಗೊಬ್ಬರು ಮಾತಾಡದಿದ್ದರೆ, ಚೀಟಿ ಹಿಡಿದು ಓಡಾಡುವ ಕೆಲಸ ನಿಮ್ಮದೇ ಆಗುತ್ತದೆ, ಅಲ್ವಾ?

ಬೆವರಿನ ಉಪ್ಪಿನಂಶ ಅಳೆದು ಈ ಕಾಯಿಲೆ ಗುರುತಿಸುವ ಬೆವರಿನ ಪರೀಕ್ಷೆಯನ್ನು ಅಲ್ಲಿ ಎಷ್ಟು ಮಕ್ಕಳಿಗೆ ಮಾಡುತ್ತಾರೆ, ಕೇಳಿ. ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಜಾಸ್ತಿ ಕ್ಲೋರೈಡ್, ಅಂದರೆ ಉಪ್ಪಿನ ಒಂದು ಅಂಶ, ಬಂದರೆ ಈ ಕಾಯಿಲೆಯ ಕಡೆಗೇ ಬೆರಳು. ಆದರೆ ಬೆವರು ಸಾಲದೆ ಹೋದರೆ, ಸ್ವಲ್ಪ ಆವಿಯಾದರೆ, ಲೆಕ್ಕ ಕೆಡುತ್ತದೆ. ಕೈ ಪಳಗಿದವರೇ ಬೇಕು. ಜೀನ್ ರಿಪೋರ್ಟ್ ಕೂಡ ಕೇಳಿ ಇಟ್ಟುಕೊಳ್ಳಿ. ಕೆಟ್ಟ ಜೀನ್‌ನಿಂದ ಬರುವ ಪ್ರೋಟೀನ್ ಸರಿಯಾಗಿ ಕೆಲಸ ಮಾಡಲು ನೆರವಾಗುವ ಹೊಸ ಮಾಡ್ಯುಲೇಟರ್ ಔಷಧಿಗಳು ಮಗುವಿಗೆ ಆಗುತ್ತವೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿದೆ.

ಮಗು ಚೆನ್ನಾಗಿದ್ದರೂ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕರೆಸಿ, ಕಫವನ್ನೋ ಗಂಟಲ ಸ್ವಾಬನ್ನೋ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳಿಸುವ ಕಡೆ ಹೋಗಿ. ಸ್ಯೂಡೋಮೊನಾಸ್ ಬೇಗ ಸಿಕ್ಕರೆ ಓಡಿಸಲು ಅವಕಾಶ ಜಾಸ್ತಿ.

ಇನ್ನೊಂದು ಗಮನಿಸಿ. ಊಟ ಜೀರ್ಣವಾಗಲು ಕೊಡುವ ಎಂಜೈಮ್ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಸಣ್ಣ ಕಾಳುಗಳನ್ನು ಹಣ್ಣಿನ ತಿರುಳಿನ ಮೇಲೆ ಉದುರಿಸಿ, ಮಗು ಅಗಿಯದಂತೆ ನುಂಗಿಸುವುದನ್ನು ನರ್ಸ್ ಮಾಡಿ ತೋರಿಸಿದರಾ? ಕಫ ಸಡಿಲಿಸುವ ಕಸರತ್ತನ್ನು ನಿಮ್ಮ ಕೈಯಲ್ಲೇ ಮಾಡಿಸಿ ನೋಡಿದರಾ? ಸುಮ್ನೆ ಕೈಗೆ ಹಾಳೆ ಕೊಟ್ಟು ಕಳಿಸಿದರೆ ನನಗಂತೂ ಅನುಮಾನ.

ಅಂಥ ಕೇಂದ್ರ ದೂರವಿದ್ದರೆ, ನೆಗಡಿ, ಲಸಿಕೆ, ತೂಕ ನೋಡೋಕೆ ಹತ್ತಿರದ ಮಕ್ಕಳ ಡಾಕ್ಟರೇ ಇರಲಿ. ಇಬ್ಬರ ನಡುವೆ ಫೋನ್ ಸಂಪರ್ಕ ಇರಬೇಕು ಅಷ್ಟೇ. ರಾತ್ರಿ ಕೆಮ್ಮು ಹೆಚ್ಚಾದರೆ ಯಾರಿಗೆ ಕರೆ ಮಾಡೋದು ಅಂತ ಕೇಳಿ, ನಂಬರ್ ಬರೆದುಕೊಳ್ಳಿ. ಮನೆಗೆ ಬಂದು, ಮಗು ಚೆನ್ನಾಗಿರುವಾಗಲೇ ಆ ನಂಬರಿಗೆ ಒಂದು ಸಲ ಫೋನ್ ಮಾಡಿ. ಯಾರು ಎತ್ತುತ್ತಾರೆ ನೋಡಿ.

ನಮಸ್ಕಾರ.