ದೇಶ ಮೊದಲು, ವಿಶ್ವವಿದ್ಯಾಲಯ ಆಮೇಲೆ: ಜರ್ಮನಿಗೆ ಓದಲು ಹೊರಡುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಬಿ.ಇ. ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಎಂ.ಎಸ್. ಮಾಡಲು ಹೊರಗೆ ಹೋಗುವುದಾದರೆ ಯಾವ ದೇಶಕ್ಕೆ? ಚಿಕ್ಕಪ್ಪನ ಮಗ ಎಲ್ಲಿದ್ದಾನೋ ಅಲ್ಲಿಗೆ, ಇಲ್ಲವೇ ಕನ್ಸಲ್ಟೆನ್ಸಿಯವರು ಯಾವ ದೇಶದ ಹೆಸರು ಹೇಳುತ್ತಾರೋ ಅಲ್ಲಿಗೆ. ಸಾಮಾನ್ಯವಾಗಿ ತೀರ್ಮಾನ ಹೀಗೇ ಆಗುತ್ತದೆ. ಹತ್ತಾರು ಲಕ್ಷ ರೂಪಾಯಿ ಮತ್ತು ಎರಡು ಮೂರು ವರ್ಷದ ಆಯುಷ್ಯ ಹಾಕುವ ಕೆಲಸಕ್ಕೆ ಇಷ್ಟು ಯೋಚನೆ ಸಾಲದು.

ದೇಶ ಆರಿಸುವಾಗ ಮೊದಲು ಕೇಳಬೇಕಾದ್ದು ಫೀಸಿನ ಪ್ರಶ್ನೆಯಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಆ ದೇಶ ಎಷ್ಟು ಕಾಲ ಇರಗೊಡುತ್ತದೆ? ಆ ಕೆಲಸ ಯಾವ ಭಾಷೆಯಲ್ಲಿ ನಡೆಯುತ್ತದೆ? ನಾನು ಕಲಿತ ವಿಷಯದ ಕಾರ್ಖಾನೆ, ಪ್ರಯೋಗಾಲಯ ಅಲ್ಲಿ ನಿಜವಾಗಿಯೂ ಇವೆಯೇ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಹಣದ ಲೆಕ್ಕಕ್ಕೆ ಬನ್ನಿ. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ಒಂದೇ ವರ್ಷದಲ್ಲಿ ಮುಗಿಯುತ್ತದೆ. ಆದರೆ ಓದಿನ ನಂತರ ಅಲ್ಲಿ ಉಳಿಯಲು ಸಿಗುತ್ತಿದ್ದ ಎರಡು ವರ್ಷ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಅಮೆರಿಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ 12 ತಿಂಗಳು, ಅದರ ಮೇಲೆ 24 ತಿಂಗಳು ಕೆಲಸದ ತರಬೇತಿಗೆ ಅವಕಾಶವಿದೆ. ಅದಾದ ಮೇಲೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿ. ಜರ್ಮನಿಯಲ್ಲಿ ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ತಕ್ಕ ಕೆಲಸ ಸಿಕ್ಕಿ ಎರಡು ವರ್ಷ ಪಿಂಚಣಿ ವಂತಿಗೆ ಕಟ್ಟಿ, ಬಿ1 ಮಟ್ಟದ, ಅಂದರೆ ದಿನಬಳಕೆಯ ಮಾತುಕತೆ ನಡೆಸುವಷ್ಟು, ಜರ್ಮನ್ ಕಲಿತಿದ್ದರೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು.

ಇವತ್ತು ಜರ್ಮನಿಯ ಬಗ್ಗೆಯೇ ವಿವರವಾಗಿ ಹೇಳುತ್ತೇನೆ. "ಅಲ್ಲಿ ಫೀಸೇ ಇಲ್ಲವಂತೆ" ಎಂಬ ಒಂದೇ ಮಾತು ಕೇಳಿ ಹೊರಡುವವರು ಹೆಚ್ಚುತ್ತಿದ್ದಾರೆ. ಆ ಮಾತು ಮುಕ್ಕಾಲು ಪಾಲು ನಿಜ. ತೊಂದರೆ ಎಲ್ಲ ಇರುವುದು ಉಳಿದ ಕಾಲು ಪಾಲಿನಲ್ಲಿ.

ಲಾಭ ಏನೆಂದು ಮೊದಲು ನೋಡೋಣ. ಮೆಕ್ಯಾನಿಕಲ್, ಆಟೋಮೊಬೈಲ್, ಎಲೆಕ್ಟ್ರಿಕಲ್, ಎಂಬೆಡೆಡ್ ಸಿಸ್ಟಮ್ಸ್ ಓದುವವರಿಗೆ ಅಲ್ಲಿ ಪಾಠ ಮತ್ತು ಕಾರ್ಖಾನೆ ಜೊತೆಜೊತೆಗೇ ಇರುತ್ತವೆ. ಮಾಸ್ಟರ್ಸ್‌ನ ಕೊನೆಯ ಆರು ತಿಂಗಳ ಪ್ರಬಂಧವನ್ನು ಕಂಪನಿಯೊಂದರ ಒಳಗೇ ಕೂತು, ಅವರ ನಿಜವಾದ ಸಮಸ್ಯೆಯ ಮೇಲೆ, ಸಂಬಳ ಪಡೆದೇ ಬರೆಯುವ ದಾರಿ ಇದೆ. ಎಷ್ಟೋ ಜನರಿಗೆ ಮೊದಲ ಕೆಲಸ ಸಿಗುವುದು ಅಲ್ಲೇ. ವಾಪಸು ಬರುತ್ತೇನೆ ಎನ್ನುವವರಿಗೂ ಇದು ವ್ಯರ್ಥವಲ್ಲ. ಬಾಷ್, ಸೀಮೆನ್ಸ್, ಮರ್ಸಿಡಿಸ್-ಬೆಂಜ್, ಎಸ್ಎಪಿ ಇವೆಲ್ಲವೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರ ಇಟ್ಟುಕೊಂಡಿವೆ. ಜರ್ಮನ್ ಭಾಷೆ ಬಲ್ಲ, ಅಲ್ಲಿನ ಕೆಲಸದ ಪದ್ಧತಿ ತಿಳಿದ ಎಂಜಿನಿಯರ್ ಅವರಿಗೆ ಬೇಕಾದವರು.

ಈಗ ಫೀಸು. ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರಿಗೆ ಸುಮಾರು 100ರಿಂದ 350 ಯೂರೋ ವಂತಿಗೆ ಇರುತ್ತದೆ. ಹಲವು ಊರುಗಳಲ್ಲಿ ಬಸ್ಸು, ರೈಲಿನ ಪಾಸು ಅದರಲ್ಲೇ ಸೇರಿರುತ್ತದೆ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ, ಅಂದರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡಲ್‌ಬರ್ಗ್ ಇರುವ ಕಡೆ, ಯೂರೋಪಿನ ಹೊರಗಿನವರು 2017ರಿಂದ ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಕೂಡ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ಫೀಸು ಇಟ್ಟಿದೆ. ನಾಲ್ಕು ಸೆಮಿಸ್ಟರಿಗೆ ಗುಣಿಸಿ ನೋಡಿ. ಖಾಸಗಿ ಕಾಲೇಜುಗಳ ಲೆಕ್ಕವೇ ಬೇರೆ. ಅಲ್ಲಿ ವರ್ಷಕ್ಕೆ ಹತ್ತು ಸಾವಿರ ಯೂರೋ ದಾಟುವುದು ಸಾಮಾನ್ಯ.

ಫೀಸಿಗಿಂತ ದೊಡ್ಡದು ಬದುಕುವ ಖರ್ಚು. ವೀಸಾ ಬೇಕೆಂದರೆ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ 11,904 ಯೂರೋ ಇಡಬೇಕು. ಯೂರೋಗೆ 100 ರೂಪಾಯಿ ಎಂದು ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಬಿಡುತ್ತಾರೆ. ಆರೋಗ್ಯ ವಿಮೆಗೆ 140ರ ಮೇಲೆ ಹೋಯಿತು, ಕೋಣೆ ಬಾಡಿಗೆಗೆ 400 ಹೋಯಿತು ಎಂದರೆ ಊಟ, ಫೋನು, ಬಟ್ಟೆಬರೆಗೆ ಕೈಯಲ್ಲಿ ಉಳಿಯುವುದು ಸುಮಾರು 450. ಕೆಮ್ನಿಟ್ಸ್, ಮಾಗ್ಡೆಬುರ್ಗ್‌ನಂಥ ಪೂರ್ವದ ಊರುಗಳಲ್ಲಿ ಇದರಲ್ಲಿ ನಡೆಯುತ್ತದೆ. ಮ್ಯೂನಿಕ್‌ನಲ್ಲಿ ನಡೆಯುವುದಿಲ್ಲ. ಹಾಗಾಗಿ ದೇಶದೊಳಗೆ ಊರು ಆರಿಸುವುದೂ ದೇಶ ಆರಿಸಿದಷ್ಟೇ ಮುಖ್ಯ. ಇನ್ನೊಂದು ಮಾತು: ಈ ಖಾತೆಯ ಹಣ ಇಳಿದ ದಿನವೇ ಕೈಗೆ ಬರುವುದಿಲ್ಲ. ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ ಬರುತ್ತದೆ. ಮನೆಯ ಮುಂಗಡ, ಮೊದಲ ತಿಂಗಳ ಬಾಡಿಗೆ ಎಂದು ಬೇರೆಯಾಗಿ ಒಂದೂವರೆ ಎರಡು ಸಾವಿರ ಯೂರೋ ಜೊತೆಯಲ್ಲಿರಲಿ.

ಈಗ ಅರ್ಜಿಗೆ ಬರೋಣ. ನಮ್ಮ ಹುಡುಗರು ಎಡವುವುದು ಹೆಚ್ಚಾಗಿ ಎರಡು ಕಡೆ.

ಒಂದು, ಅಂಕದ ಲೆಕ್ಕ. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ಕಷ್ಟಪಟ್ಟು ಪಾಸು. ನಿಮ್ಮ ಸಿಜಿಪಿಎಯನ್ನು ಹೀಗೆ ಬದಲಿಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು, ಗರಿಷ್ಠದಿಂದ ಪಾಸಿನ ಅಂಕ ಕಳೆದಾಗ ಬರುವ ಸಂಖ್ಯೆಯಿಂದ ಭಾಗಿಸಿ. ಮೂರರಿಂದ ಗುಣಿಸಿ, ಒಂದು ಕೂಡಿಸಿ. ನಿಮ್ಮದು 10ಕ್ಕೆ 7, ಪಾಸಿಗೆ 4 ಎಂದಿದ್ದರೆ 2.5 ಬರುತ್ತದೆ. ಪಾಸಿಗೆ 5 ಎಂದಿದ್ದರೆ ಅದೇ 7ಕ್ಕೆ 2.8. ಹಲವು ಕೋರ್ಸುಗಳು 2.5ಕ್ಕಿಂತ ಹೆಚ್ಚು ಬಂದವರನ್ನು ತೆಗೆದುಕೊಳ್ಳುವುದೇ ಇಲ್ಲ. ಅಂದರೆ ಪಾಸಿನ ಅಂಕ ಎಷ್ಟೆಂದು ನಿಮ್ಮ ಟ್ರಾನ್ಸ್‌ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆಯೇ ಎಂಬುದರ ಮೇಲೇ ಸೀಟು ನಿಲ್ಲಬಹುದು. ಕಾಲೇಜಿನಿಂದ ಅದನ್ನು ಬರೆಸಿಕೊಳ್ಳಿ.

ಎರಡು, ವಿಷಯದ ಹೊಂದಾಣಿಕೆ. ಎಲೆಕ್ಟ್ರಾನಿಕ್ಸ್ ಓದಿದವರು ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್‌ಗೆ ಅರ್ಜಿ ಹಾಕಿ, ಒಳ್ಳೆಯ ಅಂಕವಿದ್ದೂ ತಿರಸ್ಕಾರ ಪಡೆಯುತ್ತಾರೆ. ಕಾರಣ, ಗಣಿತಕ್ಕೆ ಇಷ್ಟು ಕ್ರೆಡಿಟ್, ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನಕ್ಕೆ ಇಷ್ಟು ಕ್ರೆಡಿಟ್ ಇರಲೇಬೇಕು ಎಂದು ಅಲ್ಲಿನ ವಿಶ್ವವಿದ್ಯಾಲಯಗಳು ಪಟ್ಟಿ ಇಟ್ಟಿರುತ್ತವೆ. ಅರ್ಜಿಗೆ ಮೊದಲು ಆ ಕೋರ್ಸಿನ ನಿಯಮಾವಳಿ ತೆಗೆದು, ನಿಮ್ಮ ವಿಟಿಯು ಸ್ಕೀಮಿನ ಸಿಲೆಬಸ್ ಪಕ್ಕದಲ್ಲಿಟ್ಟು ಒಂದೊಂದೇ ಪೇಪರನ್ನು ಹೋಲಿಸಿ. ಒಂದು ದಿನದ ಕೆಲಸ. ಇದನ್ನು ಮಾಡಿದರೆ ವ್ಯರ್ಥವಾಗುವ ಅರ್ಜಿಗಳು ಅಲ್ಲೇ ಉದುರಿ ಹೋಗುತ್ತವೆ. ಅನೇಕ ವಿಶ್ವವಿದ್ಯಾಲಯಗಳಿಗೆ ಯೂನಿ-ಅಸಿಸ್ಟ್ ಎಂಬ, ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಸಂಸ್ಥೆಯ ಮೂಲಕವೇ ಅರ್ಜಿ ಹೋಗಬೇಕು. ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿಯೊಂದಕ್ಕೆ 30. ಹತ್ತು ಕಡೆ ಕಣ್ಣುಮುಚ್ಚಿ ಹಾಕುವುದಕ್ಕಿಂತ ಹೊಂದುವ ಐದು ಕಡೆ ಹಾಕುವುದು ಲೇಸು.

ಇದಕ್ಕೆಲ್ಲ ಮೊದಲು ಎಪಿಎಸ್ ಪ್ರಮಾಣಪತ್ರ ಬೇಕು. ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ ಇದು. ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ 2022ರ ನವೆಂಬರ್‌ನಿಂದ ಕಡ್ಡಾಯ. ಶುಲ್ಕ 18,000 ರೂಪಾಯಿ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಶಿಯಲ್ ಮಾತ್ರ ಇರುವ ಇನ್ನೊಂದು ಹೆಸರು: ನಮ್ಮ ಕಡೆಯವರಿಗೆ ಇದು ಮಾಮೂಲು. ಅರ್ಜಿ ಕಳಿಸುವ ಮೊದಲೇ ಸರಿಪಡಿಸಿಕೊಳ್ಳಿ.

ತರಗತಿಗಳು ಅಕ್ಟೋಬರ್‌ನಲ್ಲಿ ಶುರು. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಜುಲೈ 15 ಎನ್ನುತ್ತಾರೆ. ಅದನ್ನೇ ನಂಬಬೇಡಿ. ವಿದೇಶಿ ವಿದ್ಯಾರ್ಥಿಗಳಿಗೆ ಹಲವು ಕಡೆ ಮಾರ್ಚ್ ಅಥವಾ ಮೇ ತಿಂಗಳಲ್ಲೇ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಹೊರಡುವ ಹಿಂದಿನ ವರ್ಷದ ಜೂನ್‌ನಲ್ಲಿ ಜರ್ಮನ್ ತರಗತಿ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಮತ್ತು ಎಪಿಎಸ್, ಡಿಸೆಂಬರ್‌ನಿಂದ ಅರ್ಜಿ ಎಂದು ಇಟ್ಟುಕೊಳ್ಳಿ. ಪ್ರವೇಶ ಪತ್ರ ಬಂದ ದಿನವೇ ವೀಸಾ ಕೆಲಸ ಹಿಡಿಯಿರಿ. ವೀಸಾ ತಿರಸ್ಕಾರವಾದರೆ ಮೊದಲು ರಾಯಭಾರ ಕಚೇರಿಗೇ ಮರುಪರಿಶೀಲನೆಯ ಪತ್ರ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ದಾರಿ ಮುಚ್ಚಿದೆ. ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಕೋರ್ಟು. ಕಾಗದಪತ್ರ ಮೊದಲ ಸಲವೇ ಪೂರ್ತಿ ಇರಬೇಕು.

ಅಲ್ಲಿ ಇಳಿದ ಮೇಲೆ ಮೊದಲ ತೊಡಕು ಮನೆಯದು. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ದೃಢೀಕರಣ ಪತ್ರ ಬೇಕು. ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆ ಇಲ್ಲ, ವಾಸದ ಪರವಾನಗಿಯೂ ಇಲ್ಲ. ಕೋಣೆ ಅಗ್ಗಕ್ಕೆ ಕೊಟ್ಟು "ನೋಂದಣಿ ಮಾತ್ರ ಆಗುವುದಿಲ್ಲ" ಎನ್ನುವವರಿದ್ದಾರೆ. ಅಂಥ ಕೋಣೆ ಬೇಡ. ಮನೆ ನೋಡದೆ, ಫೋಟೋ ನಂಬಿ, ಇಲ್ಲಿಂದಲೇ ಮುಂಗಡ ಕಳಿಸುವುದೂ ಬೇಡ. ಸರ್ಕಾರಿ ವಿದ್ಯಾರ್ಥಿ ನಿಲಯಕ್ಕೆ ಪ್ರವೇಶ ಪತ್ರ ಬಂದ ವಾರದಲ್ಲೇ ಅರ್ಜಿ ಹಾಕಿಡಿ. ಕಾಯುವ ಪಟ್ಟಿ ಉದ್ದ ಇರುತ್ತದೆ.

ಇನ್ನು ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ನಮ್ಮಲ್ಲಿ ಬ್ಯಾಕ್‌ಲಾಗ್ ಉಳಿದರೆ ಮತ್ತೆ ಮತ್ತೆ ಬರೆದು ಪಾಸಾಗಬಹುದು. ಅಲ್ಲಿ ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಮೂರು ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಕೈಕೊಟ್ಟರೆ ವಿಶ್ವವಿದ್ಯಾಲಯದಿಂದ ಹೆಸರು ತೆಗೆಯುತ್ತಾರೆ. ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಲೂ ಬಿಡುವುದಿಲ್ಲ. ವಾಸದ ಪರವಾನಗಿ ಓದಿಗೆ ಅಂಟಿಕೊಂಡಿರುವುದರಿಂದ ಅದಕ್ಕೂ ಕುತ್ತು. ಜೊತೆಗೆ, ಪಾಠಕ್ಕೆ ಕೂತ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರುವುದಿಲ್ಲ. ಗಡುವಿನೊಳಗೆ ಪೋರ್ಟಲ್‌ನಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ತಯಾರಿ ಆಗಿಲ್ಲದಿದ್ದರೆ ಗಡುವಿನೊಳಗೇ ಹೆಸರು ಹಿಂತೆಗೆಯಬೇಕು. ಸುಮ್ಮನೆ ಗೈರುಹಾಜರಾದರೆ ಅದೂ ಒಂದು ಅವಕಾಶ ಕಳೆದಂತೆ. ಮೊದಲ ಸೆಮಿಸ್ಟರಿನಲ್ಲೇ ಸಾಲದ ಒತ್ತಡಕ್ಕೆ ರಾತ್ರಿ ಪಾಳಿ ಹಿಡಿಯುವ ಹುಡುಗರು ಬೀಳುವುದು ಇಲ್ಲೇ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಲು ಕಾನೂನು ಬಿಡುತ್ತದೆ, 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಆದರೂ ಮೊದಲ ಆರು ತಿಂಗಳು ಪರೀಕ್ಷೆಗೇ ಇರಲಿ ಎಂದು ತಂದೆತಾಯಿಯೇ ಮಕ್ಕಳಿಗೆ ಹೇಳಬೇಕು. ಅಷ್ಟು ತಿಂಗಳ ಖರ್ಚನ್ನು ಇಲ್ಲಿಂದಲೇ ಹೊಂದಿಸಿ ಕಳಿಸಿ.

ಭಾಷೆಯ ಮಾತು. ಇಂಗ್ಲಿಷಿನಲ್ಲೇ ಪೂರ್ತಿ ಮಾಸ್ಟರ್ಸ್ ಮುಗಿಸಬಹುದು, ನಿಜ. ಆದರೆ ಸಾಫ್ಟ್‌ವೇರ್‌ನ ಕೆಲವು ಕೆಲಸ ಬಿಟ್ಟರೆ ಸಂದರ್ಶನದಲ್ಲಿ ಬಿ1, ಬಿ2 ಕೇಳುತ್ತಾರೆ. ಸೊನ್ನೆಯಿಂದ ಬಿ1 ಮುಟ್ಟಲು 45 ನಿಮಿಷದ 350ರಿಂದ 650 ಪಾಠ ಬೇಕೆಂಬುದು ಜರ್ಮನ್ ಭಾಷೆ ಕಲಿಸುವ ಗೊಯ್ಥೆ ಸಂಸ್ಥೆಯ ಅಂದಾಜು. ಅಲ್ಲಿಗೆ ಹೋಗಿ ಕಲಿಯುತ್ತೇನೆ ಎನ್ನುವವರಿಗೆ ಪರೀಕ್ಷೆಗಳ ನಡುವೆ ಇಷ್ಟು ಹೊತ್ತು ಸಿಗುವುದಿಲ್ಲ. ಬೆಂಗಳೂರಿನ ಇಂದಿರಾನಗರದಲ್ಲಿ ಗೊಯ್ಥೆಯ ಮ್ಯಾಕ್ಸ್ ಮುಲ್ಲರ್ ಭವನವಿದೆ, ಆನ್‌ಲೈನ್ ತರಗತಿಯೂ ಇದೆ. ವಿಮಾನ ಹತ್ತುವ ಮೊದಲು ಬಿ1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎ2 ಮುಗಿಸಿರಿ. ಅದಕ್ಕೂ ಮನಸ್ಸಿಲ್ಲ ಎನ್ನುವವರಿಗೆ ಜರ್ಮನಿ ತಕ್ಕ ದೇಶವಲ್ಲ. ಐರ್ಲೆಂಡಿನಂಥ ಇಂಗ್ಲಿಷ್ ದೇಶದಲ್ಲಿ ಫೀಸು ಕಟ್ಟಿ ಓದುವುದೇ ಅವರಿಗೆ ಕೊನೆಗೆ ಅಗ್ಗವಾಗಬಹುದು. ಪಿಯುಸಿ ಮುಗಿಸಿ ನೇರವಾಗಿ ಅಲ್ಲಿ ಪದವಿಗೆ ಸೇರುವ ಆಸೆ ಇರುವವರೂ ಒಮ್ಮೆ ನಿಲ್ಲಿ. ಬರೀ ಪಿಯುಸಿ ಸಾಲದು. ಇಲ್ಲಿ ಒಂದು ವರ್ಷ ಪದವಿ ಓದಿರಬೇಕು, ಅಥವಾ ಜೆಇಇ ಅಡ್ವಾನ್ಸ್‌ಡ್ ಪಾಸಾಗಿರಬೇಕು, ಅಥವಾ ಅಲ್ಲಿ ಒಂದು ವರ್ಷದ ಪೂರ್ವಸಿದ್ಧತಾ ಕೋರ್ಸು ಮಾಡಬೇಕು.

ಕನ್ಸಲ್ಟೆನ್ಸಿಗೆ ಹೋಗುವುದಾದರೆ ಒಂದು ಪ್ರಶ್ನೆ ಕೇಳಿ: ನೀವು ಹೇಳುತ್ತಿರುವ ಕಾಲೇಜು ಸರ್ಕಾರಿಯೋ ಖಾಸಗಿಯೋ? ಕಮಿಷನ್ ಸಿಗುವುದು ಸಾಮಾನ್ಯವಾಗಿ ಖಾಸಗಿ ಕಾಲೇಜುಗಳಿಂದ. 7.5 ಸಿಜಿಪಿಎ ಇದ್ದವರಿಗೂ "ನಿಮಗೆ ಸರ್ಕಾರಿ ಸಿಗುವುದಿಲ್ಲ" ಎಂದು ಹೆದರಿಸಿ ಖಾಸಗಿಗೆ ದಾಟಿಸುವುದು ಇದರಿಂದಲೇ. ಡಿಎಎಡಿ ಎಂಬ ಜರ್ಮನ್ ಸಂಸ್ಥೆಯ ಜಾಲತಾಣದಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳ ಪಟ್ಟಿ ಫೀಸು, ಗಡುವು, ಭಾಷೆಯ ಷರತ್ತುಗಳ ಸಮೇತ ಉಚಿತವಾಗಿ ಸಿಗುತ್ತದೆ. ಅದನ್ನು ನೋಡಿಯೂ ಅನುಮಾನ ಉಳಿದರೆ ಆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಗೆ ನೇರವಾಗಿ ಇಮೇಲ್ ಬರೆಯಿರಿ. ಕೋರ್ಸಿನ ಹೆಸರು, ನಿಮ್ಮ ಪದವಿ, ಒಂದೇ ಒಂದು ಸ್ಪಷ್ಟ ಪ್ರಶ್ನೆ, ಇಷ್ಟಿರಲಿ. ಬಂದ ಉತ್ತರವನ್ನು ತೆಗೆದಿಡಿ.

ನಮಸ್ಕಾರ.